ಸೊಪ್ಪು-ತರಕಾರಿ ಬ್ರೆಡ್: ಒಳಗೆ ಹಸಿ ಉಳಿಯದಂತೆ ಬೇಯಿಸುವುದು

ತರಕಾರಿ ಹಾಕಿದ ಬ್ರೆಡ್ ಕೆಡುವುದು ಹೆಚ್ಚಾಗಿ ತರಕಾರಿಯ ನೀರಿನಿಂದ. ನಾದಿ ಮುಗಿಸಿದಾಗ ಹಿಟ್ಟು ಹದವಾಗಿಯೇ ಇರುತ್ತದೆ. ಆಮೇಲೆ ಅದರಲ್ಲಿರುವ ಉಪ್ಪು ತರಕಾರಿಯ ನೀರನ್ನು ಎಳೆದು ಬಿಡಿಸುತ್ತದೆ, ಉಬ್ಬಲು ಇಟ್ಟ ಗಂಟೆಯೊಳಗೆ ಮುದ್ದೆ ಸಡಿಲಾಗಿ ಪಾತ್ರೆಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಮೊದಲು ತರಕಾರಿ ತಯಾರಾಗಲಿ.

ಕ್ಯಾರೆಟ್ ತುರಿದು ಚಿಟಿಕೆ ಉಪ್ಪು ಬೆರೆಸಿ 15 ನಿಮಿಷ ಬಿಟ್ಟು ಬಟ್ಟೆಯಲ್ಲಿ ಹಿಂಡಿ. ಪಾಲಕ್ ಸೊಪ್ಪನ್ನು ಬಿಸಿ ಬಾಣಲೆಯಲ್ಲಿ ಬಾಡಿಸಿ, ಆರಿದ ಮೇಲೆ ಮುಷ್ಟಿಯಲ್ಲಿ ಒತ್ತಿ ಹಿಂಡಿ ಹೆಚ್ಚಿ. ಈರುಳ್ಳಿ, ದಪ್ಪ ಮೆಣಸಿನಕಾಯಿಯನ್ನು ಹಬೆ ನಿಲ್ಲುವವರೆಗೆ ಹುರಿದು ಪೂರ್ತಿ ಆರಿಸಿ. ಟೊಮೆಟೊ ಬೇಕೇ ಬೇಕೆಂದರೆ ಒಣಗಿಸಿದ್ದನ್ನು ಹಾಕಿ, ಹಸಿಯದು ಬೇಡ. ಬೆಳ್ಳುಳ್ಳಿಯನ್ನೂ ಹಸಿಯಾಗಿ ಜಜ್ಜಿ ಹಾಕಬೇಡಿ: ಅದರ ಗಂಧಕದ ಅಂಶಗಳು ಯೀಸ್ಟನ್ನು ಮಂದಗೊಳಿಸುತ್ತವೆ, ಹಿಟ್ಟಿಗೆ ಎಳೆತ ಕೊಡುವ ಗ್ಲುಟೆನ್ ಎಂಬ ಪ್ರೋಟೀನಿನ ಬಿಗಿಯನ್ನೂ ಸಡಿಲಿಸುತ್ತವೆ. ಎಣ್ಣೆಯಲ್ಲಿ ಬಾಡಿಸಿದರೆ ಈ ತೊಂದರೆಯಿಲ್ಲ.

9×5 ಇಂಚಿನ ಟಿನ್ನಿಗೆ ಮೈದಾ 400 ಗ್ರಾಂ, ನೀರು 240 ಮಿ.ಲೀ., ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 8 ಗ್ರಾಂ, ಸಕ್ಕರೆ 2 ಟೀ ಚಮಚ, ಎಣ್ಣೆ 2 ಟೇಬಲ್ ಚಮಚ ಸಾಕು. ತರಕಾರಿ ಹಿಂಡಿ, ಹುರಿದ ಮೇಲೆ ತೂಗಿದಾಗ ಒಟ್ಟು 120 ಗ್ರಾಂ ಇರಲಿ. 160 ದಾಟಿದರೆ ಬ್ರೆಡ್ ಚೆನ್ನಾಗಿ ಮೇಲೇಳದಿರಬಹುದು. ಒಣಗಿದ ಓರೆಗಾನೊ, ಥೈಮ್ ಆದರೆ 2 ಟೀ ಚಮಚ. ಹಸಿ ಪಾರ್ಸ್ಲಿ, ಸಬ್ಬಸಿಗೆ, ತುಳಸಿಯಂಥವು ಅದರ ಮೂರು ಪಟ್ಟು. ತೊಳೆದ ಎಲೆಯ ಮೇಲೆ ಒಂದು ಹನಿಯೂ ಉಳಿಯಬಾರದು. ರೋಸ್‌ಮೇರಿಯ ವಾಸನೆ ಜೋರು, ಅರ್ಧ ಅಳತೆಯೇ ಹೆಚ್ಚು.

ನೀರಿನಲ್ಲಿ 30 ಮಿ.ಲೀ. ಎತ್ತಿಟ್ಟುಕೊಂಡು ಉಳಿದದ್ದರಲ್ಲಿ ಹಿಟ್ಟು ಕಲಸಿ, ಹಿಟ್ಟು ಕೇಳಿದರೆ ಮಾತ್ರ ಅದನ್ನು ಸೇರಿಸಿ. ತರಕಾರಿಯಿಲ್ಲದೆ 8-10 ನಿಮಿಷ ನಾದಿ. ಚಿಕ್ಕ ಉಂಡೆಯನ್ನು ಬೆರಳುಗಳ ನಡುವೆ ಎಳೆದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಮೊದಲೇ ತರಕಾರಿ ಸುರಿದರೆ ತುರಿಯ ಚೂಪು ಅಂಚುಗಳು ಈ ಪೊರೆಯನ್ನು ಹರಿಯುತ್ತವೆ. ಹತ್ತು ನಿಮಿಷ ಮುಚ್ಚಿಟ್ಟು, ಹಿಟ್ಟನ್ನು ಅಗಲ ಮಾಡಿ, ತರಕಾರಿ, ಸೊಪ್ಪು ಹರಡಿ, ಮಡಚಿ ಮಡಚಿ ಒತ್ತಿ. ಕೈಗೆ ಅಂಟಿದರೆ ಎಣ್ಣೆ ಸವರಿಕೊಳ್ಳಿ, ಒಣ ಹಿಟ್ಟು ಉದುರಿಸುತ್ತ ಹೋದರೆ ಬ್ರೆಡ್ ಗಟ್ಟಿಯಾಗುತ್ತದೆ.

27-28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಮ್ಮಡಿಯಾಗಲು ಒಂದು ಒಂದೂವರೆ ಗಂಟೆ ಹಿಡಿಯುತ್ತದೆ. ಗಡಿಯಾರಕ್ಕಿಂತ ಹಿಟ್ಟನ್ನೇ ನೋಡಿ. ಗಾಳಿ ಇಳಿಸಿ, ಟಿನ್ನಿನ ಉದ್ದಕ್ಕೆ ತಟ್ಟಿ, ಬಿಗಿಯಾಗಿ ಸುರುಳಿ ಸುತ್ತಿ, ಕೊನೆಯಂಚನ್ನು ಚಿವುಟಿ ಅದನ್ನು ಕೆಳಮುಖ ಮಾಡಿ ಎಣ್ಣೆ ಸವರಿದ ಟಿನ್ನಿನಲ್ಲಿಡಿ. ಹೊರಗೆ ಇಣುಕುವ ಎಲೆ, ಈರುಳ್ಳಿ ತುಂಡುಗಳನ್ನು ಒಳಗೆ ತುರುಕಿ. ಅವು ಕರಿದಾಗಿ ಕಹಿಯಾಗುತ್ತವೆ. ಇನ್ನೊಮ್ಮೆ 35-45 ನಿಮಿಷ ಬಿಡಿ. ಬೆರಳಿಂದ ಮೆಲ್ಲಗೆ ಒತ್ತಿದ ಗುಳಿ ನಿಧಾನವಾಗಿ, ಅರ್ಧದಷ್ಟು ಮಾತ್ರ ತುಂಬಿಕೊಂಡರೆ ಹದ. ತುಂಬಿಕೊಳ್ಳದೇ ಹಾಗೆಯೇ ಉಳಿದರೆ ಅತಿಯಾಗಿ ಉಬ್ಬಿದೆ, ಓವನ್ನಿನಲ್ಲಿ ಕುಸಿಯುತ್ತದೆ.

ಓವನ್ ಮೊದಲೇ ಕಾದಿರಲಿ. 200 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 180ಕ್ಕೆ ಇಳಿಸಿ 20-25 ನಿಮಿಷ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ. ತಳ ತಟ್ಟಿ ಟೊಳ್ಳು ಸದ್ದು ಕೇಳುವ ಉಪಾಯ ತರಕಾರಿ ಬ್ರೆಡ್ಡಿಗೆ ಅಷ್ಟು ನಂಬಿಕೆಯದಲ್ಲ. ಥರ್ಮಾಮೀಟರ್ ಇದ್ದರೆ ನಡುಭಾಗ 95 ಡಿಗ್ರಿ ಮುಟ್ಟಿದೆಯೇ ನೋಡಿ. ಇಲ್ಲದಿದ್ದರೆ ಟಿನ್ನಿನಿಂದ ತೆಗೆದು ಪಕ್ಕ ಒತ್ತಿ: ಮೆತ್ತಗೆ ಒಳಕ್ಕೆ ಹೋದರೆ ಟಿನ್ನಿಲ್ಲದೆ ಇನ್ನೂ 5 ನಿಮಿಷ ಓವನ್ನಿನಲ್ಲಿಡಿ.

ಬೆಂದ ಕೂಡಲೇ ಟಿನ್ನಿನಿಂದ ತೆಗೆಯದಿದ್ದರೆ ಹಬೆ ನೀರಾಗಿ ತಳ ನೆನೆಯುತ್ತದೆ. ತಂತಿ ಜಾಲರಿಯ ಮೇಲೆ ಕನಿಷ್ಠ ಒಂದು ಗಂಟೆ ಆರಲಿ. ಬಿಸಿಯಲ್ಲೇ ಕೊಯ್ದರೆ ಸರಿಯಾಗಿ ಬೆಂದದ್ದೂ ಚಾಕುವಿಗೆ ಅಂಟಿ ಹಸಿಯಂತೆ ಕಾಣುತ್ತದೆ. ತಳದಲ್ಲಿ ಒತ್ತಾದ ತೇವದ ಪಟ್ಟಿ ಕಂಡರೆ ತರಕಾರಿ ಇನ್ನಷ್ಟು ಹಿಂಡಬೇಕಿತ್ತು ಅಥವಾ ಇನ್ನೂ ಬೇಯಬೇಕಿತ್ತು. ತರಕಾರಿಯ ಸುತ್ತ ದೊಡ್ಡ ಪೊಳ್ಳುಗಳಿದ್ದರೆ ಅದರಲ್ಲಿ ಎಣ್ಣೆ ಹೆಚ್ಚಿತ್ತು ಅಥವಾ ಸುರುಳಿ ಸಡಿಲವಾಗಿತ್ತು.

ತೇವ ಹೆಚ್ಚಿರುವುದರಿಂದ ಇದಕ್ಕೆ ಸಾದಾ ಬ್ರೆಡ್ಡಿಗಿಂತ ಬೇಗ ಬೂಸ್ಟು ಹಿಡಿಯುತ್ತದೆ. ಎರಡು ದಿನದಲ್ಲಿ ಮುಗಿಯದಷ್ಟಿದ್ದರೆ ಹೋಳುಗಳಾಗಿ ಕೊಯ್ದು ಫ್ರೀಜರ್‌ಗೆ ಹಾಕಿ, ಬೇಕಾದಾಗ ಕರಗಿಸದೆ ನೇರ ಟೋಸ್ಟ್ ಮಾಡಿ.