ಮೊದಲ ರೈಡ್ ಸಿಂಬಲ್ ತಗೊಳ್ಳುವಾಗ, ಬಾರಿಸ್ಲಿಕ್ಕೆ ಕೂತಾಗ

ಡ್ರಮ್ ಕಲಿಲಿಕ್ಕೆ ಶುರು ಮಾಡಿದವ್ರು ಸಾಧಾರಣ ಎಲ್ರೂ ಸ್ನೇರ್ (ಎದುರಿಗೆ ಇರುವ ಸಣ್ಣ ಡ್ರಮ್), ಬೇಸ್ ಡ್ರಮ್ (ಕಾಲಲ್ಲಿ ಬಾರಿಸುವ ದೊಡ್ಡದು) ಬಗ್ಗೆಯೇ ತಲೆ ಕೆಡಿಸ್ಕೊಳ್ತಾರೆ. ರೈಡ್ ಅಂದ್ರೆ ಬಲಗಡೆ ಇರುವ ದೊಡ್ಡ ತಟ್ಟೆ, ಸೆಟ್ ಜೊತೆ ಬಂದದ್ದು ಇದ್ರೆ ಸಾಕು ಅಂತ ಬಿಟ್ಟು ಬಿಡ್ತಾರೆ. ನಂಗೆ ಇದು ನೋಡಿದ್ರೆ ನಿಜವಾಗಿ ಬೇಜಾರಾಗ್ತದೆ ಮಾರಾಯ್ರೆ. ನಮ್ಮ ಊರಿನವ್ರಿಗೆ ರೈಡ್ ಎಂತ ಅಂತ ಹೇಳ್ಲಿಕ್ಕೆ ದೂರ ಹೋಗ್ಬೇಕಾಗಿಲ್ಲ, ಯಕ್ಷಗಾನದಲ್ಲಿ ಭಾಗವತರ ಕೈಯಲ್ಲಿ ಜಾಗಟೆ ಉಂಟಲ್ಲ, ಡ್ರಮ್ ಸೆಟ್‌ನಲ್ಲಿ ರೈಡ್ ಮಾಡುದು ಅದೇ ಕೆಲ್ಸ. ಚೆಂಡೆ ಎಷ್ಟು ಜೋರು ಹೋದ್ರೂ ಮದ್ದಳೆ ಎಷ್ಟು ತಿರುಗಿಸಿ ಬಾರಿಸಿದ್ರೂ ಕಾಲ ಹಿಡ್ಕೊಂಡು ಇರುದು ಆ ಸಣ್ಣ ಪೆಟ್ಟು. ಬ್ಯಾಂಡಿನಲ್ಲಿಯೂ ಹಾಗೆ, ಗಿಟಾರಿನವ, ಕೀಬೋರ್ಡಿನವ, ಹಾಡುವವ ಎಲ್ರೂ ತಮಗೇ ಗೊತ್ತಿಲ್ಲದೆ ನಿಮ್ಮ ಬಲಗೈಯ ರೈಡ್ ಹಿಡ್ಕೊಂಡೇ ನಡೆಯುದು.

ಇದು ಮೊದ್ಲಿಂದ ಹೀಗೆ ಇದ್ದದ್ದಲ್ಲ. ಜಾಝ್‌ನಲ್ಲಿ ಹಿಂದೆ ಟೈಮ್ ಹಿಡಿತಾ ಇದ್ದದ್ದು ಬೇಸ್ ಡ್ರಮ್, ಆಮೇಲೆ ಹೈ-ಹ್ಯಾಟ್ (ಎಡಗಾಲಲ್ಲಿ ಮುಚ್ಚಿ ತೆರೆಯುವ ಜೋಡಿ ಸಿಂಬಲ್), 1940ರ ಆಸುಪಾಸಿಗೆ ಅಮೆರಿಕದ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಅದನ್ನು ರೈಡ್‌ಗೆ ತಂದ್ರು, ಆವಾಗ ಕಾಲಿಗೆ ಪ್ರತಿ ಪೆಟ್ಟಿಗೂ ದುಡಿಯುವ ಕೆಲ್ಸ ತಪ್ಪಿತು, ಎಡಗೈ ಮತ್ತೆ ಕಾಲು ನಡುನಡುವೆ ಮಾತಾಡ್ಲಿಕ್ಕೆ ಶುರು ಮಾಡಿದ್ವು. ಇವತ್ತು ನಾವು ಸಿನೆಮಾ ಹಾಡಿಗೆ ಬಾರಿಸುದಕ್ಕೂ ಬೇರು ಅಲ್ಲೇ ಇರುದು.

ಈಗ ತಗೊಳ್ಳುವ ವಿಷಯ. ಎಲ್ಲಕ್ಕಿಂತ ಮೊದ್ಲು ಲೋಹ ಯಾವುದು ಅಂತ ನೋಡಿ, ಸೈಜ್ ಬಣ್ಣ ಎಲ್ಲ ಆಮೇಲೆ. ಬಿಗಿನರ್ ಸೆಟ್ ಜೊತೆ ಬರುದು ಹೆಚ್ಚಾಗಿ ಹಿತ್ತಾಳೆ, ಅಂದ್ರೆ ತಾಮ್ರ ಮತ್ತೆ ಸತು. ಒಳ್ಳೆ ಸಿಂಬಲ್ ಕಂಚು, ಅಂದ್ರೆ ತಾಮ್ರ ಮತ್ತೆ ತವರ. ಕ್ಯಾಟಲಾಗ್‌ನಲ್ಲಿ ಬಿ20 ಅಂತ ಬರೆದಿದ್ರೆ ನೂರರಲ್ಲಿ 80 ಪಾಲು ತಾಮ್ರ 20 ಪಾಲು ತವರ, ಬಿ8 ಅಂದ್ರೆ 92 ಪಾಲು ತಾಮ್ರ 8 ಪಾಲು ತವರ. ನಮ್ಮ ಕಡೆಯ ಒಳ್ಳೆ ಕಂಚಿನ ಗಂಟೆ, ಜಾಗಟೆ ಎಲ್ಲ ಆ ಬಿ20ಯ ಹತ್ತಿರದ ಜಾತಿಯೇ. ವ್ಯತ್ಯಾಸ ಗೊತ್ತಾಗ್ಬೇಕಾದ್ರೆ ಅಡುಗೆ ಕೋಣೆಗೆ ಹೋಗಿ, ಒಂದು ಹಿತ್ತಾಳೆ ತಟ್ಟೆ ಒಂದು ಕಂಚಿನ ಬಟ್ಟಲು ಅಂಗೈ ಮೇಲೆ ಇಟ್ಟು ಚಮಚದಲ್ಲಿ ಮೆಲ್ಲ ಒಂದು ಪೆಟ್ಟು ಕೊಟ್ಟು ನೋಡಿ. ಹಿತ್ತಾಳೆ ಟಣ್ ಅಂದು ಅಲ್ಲೇ ನಿಲ್ತದೆ, ಕಂಚು ಎಳ್ಕೊಂಡು ಹೋಗ್ತದೆ, ಎಳೆಯುವಾಗ ಒಳಗಿಂದ ಎರಡು ಮೂರು ಸ್ವರ ಒಂದರ ಮೇಲೊಂದು ಕೇಳ್ತದೆ. ಕಂಚಿನ ಕಂಠ ಅಂತ ನಮ್ಮವ್ರು ಸುಮ್ನೆ ಹೇಳುದಲ್ಲ.

ಹಾಗಂತ ಬಿ8 ಅಂದ ಕೂಡ್ಲೆ ಮುಖ ತಿರುಗಿಸ್ಬೇಡಿ. ಪೈಸ್ಟೆ ಕಂಪೆನಿಯವ್ರ 2002 ಅನ್ನುವ ಸೀರೀಸ್ 1971ರಿಂದ ಉಂಟು, ಅದು ಬಿ8ಯೇ, ದೊಡ್ಡ ದೊಡ್ಡ ರಾಕ್ ಡ್ರಮ್ಮರ್‌ಗಳು ಬಾರಿಸಿದ್ದು. ಲೋಹದಷ್ಟೇ ಮುಖ್ಯ ಅದನ್ನು ಎಷ್ಟು ಬಡಿದಿದ್ದಾರೆ, ಹೇಗೆ ಕಡೆದಿದ್ದಾರೆ ಅನ್ನುದು. ಆದ್ರೆ ಮೈನ್ಲ್ ಎಚ್‌ಸಿಎಸ್, ಸೇಬಿಯನ್ ಎಸ್‌ಬಿಆರ್ ತರದ್ದು ಹಿತ್ತಾಳೆ, ಅದರಲ್ಲಿ ಹೈ-ಹ್ಯಾಟ್ ಆದ್ರೂ ಹೇಗೋ ಸುಧಾರಿಸ್ಬಹುದು, ರೈಡ್ ಮಾತ್ರ ಕಷ್ಟ, ಯಾಕಂದ್ರೆ ರೈಡ್‌ನಲ್ಲಿ ಪೆಟ್ಟು ಕೇಳಿದ್ರೆ ಸಾಲುದಿಲ್ಲ, ಪೆಟ್ಟಿನ ಹಿಂದೆ ಬರುವ ನಾದವೂ ಬೇಕು. ಹೊಸ ಬಿ20 ರೈಡ್‌ಗೆ ಹೆಚ್ಚುಕಡಿಮೆ ಒಂದು ಬಿಗಿನರ್ ಸೆಟ್‌ನಷ್ಟೇ ದುಡ್ಡಾಗ್ತದೆ, ಹಾಗಾಗಿ ನನ್ನ ಅಭಿಪ್ರಾಯ ಏನಂದ್ರೆ ಹೊಸ ಹಿತ್ತಾಳೆಗಿಂತ ಹಳೆ ಕಂಚು ಮೇಲು. ಕಂಚು ಬಿರುಕು ಬಿಡದೆ ಇದ್ರೆ ಇಪ್ಪತ್ತು ಮೂವತ್ತು ವರ್ಷ ಆದ್ರೂ ಬಾರಿಸ್ಬಹುದು.

ಸೈಜ್ ಬಗ್ಗೆ ಹೆಚ್ಚು ಯೋಚ್ನೆ ಬೇಡ, 20 ಇಂಚು ತಗೊಳ್ಳಿ. 22 ಇಂಚಿನದ್ದು ಇನ್ನೂ ತಗ್ಗು ಸ್ವರ, ಹರಡುವಿಕೆ ಜಾಸ್ತಿ, 18 ಇಂಚಿನ ಕ್ರಾಶ್-ರೈಡ್ ಅಂದ್ರೆ ಕ್ರಾಶ್ (ಒತ್ತು ಕೊಡ್ಲಿಕ್ಕೆ ಒಮ್ಮೆ ಜೋರು ಹೊಡೆಯುವ ಸಿಂಬಲ್), ರೈಡ್ ಎರಡೂ ಕೆಲ್ಸಕ್ಕೆ ಅರ್ಧರ್ಧ. ನಿಜವಾಗಿ ಗಮನ ಕೊಡ್ಬೇಕಾದ್ದು ತೂಕಕ್ಕೆ. ದಪ್ಪದ ಹೆವಿ ರೈಡ್‌ನಲ್ಲಿ ಒಂದೊಂದು ಪೆಟ್ಟೂ ಮಣಿ ಪೋಣಿಸಿದ ಹಾಗೆ ಬೇರೆ ಬೇರೆ ಕೇಳ್ತದೆ, ಇದಕ್ಕೆ ಪಿಂಗ್ ಅಂತಾರೆ. ತೆಳುವಿನದ್ದರಲ್ಲಿ ಪೆಟ್ಟುಗಳೆಲ್ಲ ಒಂದರೊಳಗೊಂದು ಸೇರಿ ಮಲ್ಪೆಯಲ್ಲಿ ರಾತ್ರಿ ಕೂತಾಗ ಕೇಳುವ ಸಮುದ್ರದ ಹಾಗೆ ಒಂದೇ ಸಮ ಶ್ಶ್ ಅಂತ ಬರ್ತದೆ, ಅದು ವಾಶ್. ಎರಡೂ ಬೇಕು, ಪ್ರಶ್ನೆ ಎಷ್ಟೆಷ್ಟು ಅನ್ನುದು. ಕಲಿಯುವವ್ರಿಗೆ ಮೀಡಿಯಂ ಒಳ್ಳೇದು, 20 ಇಂಚಿನ ಮೀಡಿಯಂ ಎರಡೂಕಾಲರಿಂದ ಎರಡೂವರೆ ಕೆಜಿ ಆಸುಪಾಸು ತೂಗ್ತದೆ. ತೀರಾ ತೆಳು ತಗೊಂಡ್ರೆ ನಿಮ್ಮ ಪೆಟ್ಟು ಸಮ ಬೀಳ್ತಾ ಉಂಟಾ ಇಲ್ವಾ ಅಂತ ನಿಮಗೇ ಕೇಳುದಿಲ್ಲ, ಕೇಳದಿದ್ರೆ ತಿದ್ದುದು ಹೇಗೆ?

ಅಂಗಡಿಗೆ ಹೋಗುವಾಗ ನಿಮ್ಮದೇ ಸ್ಟಿಕ್ ತಗೊಂಡು ಹೋಗಿ, ಇದೊಂದು ಮರಿಬೇಡಿ. ಕೈಯಲ್ಲಿ ನೇತಾಡಿಸಿ ಬೆರಳಲ್ಲಿ ತಟ್ಟಿ ತೋರಿಸಿದ್ರೆ ಸಾಲುದಿಲ್ಲ, ಸ್ಟ್ಯಾಂಡ್‌ಗೆ ಹಾಕಿಸಿ. ಮೊದ್ಲು ಒಂದು ನಿಮಿಷ ತೀರಾ ಮೆಲ್ಲ ಬಾರಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಜೋರು ಮಾಡ್ತಾ ಹೋಗಿ. ಜೋರಾದ ಹಾಗೆ ಹಿಂದಿನ ಝೇಂಕಾರ ಏರ್ತಾ ಏರ್ತಾ ಒಂದು ಹಂತದಲ್ಲಿ ಸ್ಟಿಕ್ಕಿನ ಟಿಕ್ ಟಿಕ್ ಪೂರಾ ಮುಳುಗಿ ಹೋಗ್ತದೆ, ಅದು ಬೇಗ ಮುಳುಗಿದ್ರೆ ಆ ರೈಡ್ ಬ್ಯಾಂಡ್ ಜೊತೆ ಆಗುದಿಲ್ಲ. ಮತ್ತೆ ಮಧ್ಯದಲ್ಲಿ ಉಬ್ಬಿದ ಭಾಗ, ಅಂದ್ರೆ ಬೆಲ್ ಮೇಲೆ ಸ್ಟಿಕ್ಕಿನ ಕುತ್ತಿಗೆಯಿಂದ ಹೊಡೆದು ನೋಡಿ, ಗಂಟೆ ಹಾಗೆ ಸ್ಪಷ್ಟ ಬರ್ಬೇಕು. ಕೊನೆಗೆ ಜೊತೆಗೆ ಬಂದವ್ರಿಗೆ ಸ್ಟಿಕ್ ಕೊಟ್ಟು ನೀವು ಹತ್ತು ಹದಿನೈದು ಹೆಜ್ಜೆ ದೂರ ಹೋಗಿ ಬೆನ್ನು ಹಾಕಿ ನಿಲ್ಲಿ. ಡ್ರಮ್ ಸ್ಟೂಲ್ ಮೇಲೆ ಕೂತಾಗ ಕರ್ಕಶ ಅಂತ ಅನ್ಸಿದ್ದು ದೂರದಿಂದ ಎಷ್ಟೋ ಸಲ ಲಾಯ್ಕ್ ಕೇಳ್ತದೆ, ಹತ್ತಿರದಿಂದ ಚೆಂದ ಕೇಳಿದ್ದು ದೂರಕ್ಕೆ ಬರುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಆದ್ರೆ ಬೆಳಕಿಗೆ ಹಿಡಿದು ನೋಡಿ, ಅಂಚಿನ ಸುತ್ತ ಉಗುರು ಎಳ್ಕೊಂಡು ಹೋಗಿ, ಎಲ್ಲಿಯಾದ್ರೂ ಉಗುರು ಸಿಕ್ಕಿ ಬಿದ್ರೆ ಅಲ್ಲಿ ಬಿರುಕು ಇರುವ ಸಾಧ್ಯತೆ ಉಂಟು. ನಡುವಿನ ತೂತು ನೋಡದೆ ಮಾತ್ರ ದುಡ್ಡು ಕೊಡ್ಬೇಡಿ. ತೂತು ಗುಂಡಗೆ ಇರ್ಬೇಕು, ಮೊಟ್ಟೆ ಆಕಾರಕ್ಕೆ ಬಂದಿದ್ರೆ ಸಿಂಬಲ್ ಬರಿ ಕಬ್ಬಿಣದ ರಾಡ್‌ಗೆ ತಿಕ್ಕಿದೆ ಅಂತ ಅರ್ಥ. ನನ್ನ ಮೊದಲ ರೈಡ್ ಹೋದದ್ದೇ ಹಾಗೆ. ರಾಡ್ ಮೇಲಿನ ಪ್ಲಾಸ್ಟಿಕ್ ಸ್ಲೀವ್ ಎಲ್ಲೋ ಬಿದ್ದು ಹೋಗಿತ್ತು, ನಾಲ್ಕಾಣೆಯ ವಸ್ತು ಅಂತ ಹುಡುಕ್ಲಿಲ್ಲ, ಮೇಲಿನ ನಟ್ ಬೇರೆ ಬಿಗು ತಿರುಗಿಸಿ ಇಡ್ತಾ ಇದ್ದೆ ಅಲ್ಲಾಡ್ಬಾರ್ದು ಅಂತ. ಒಂದು ಮೆಹೆಂದಿ ಕಾರ್ಯಕ್ರಮ ಮುಗ್ಸಿ ಬಿಚ್ಚುವಾಗ ನೋಡ್ತೇನೆ, ತೂತಿನಿಂದ ಬೆಲ್ ಕಡೆಗೆ ಕೂದಲಿನಷ್ಟು ಸಪೂರ ಗೆರೆ. ಮರುದಿನ ಬಾರಿಸಿದ್ರೆ ಪ್ರತಿ ಪೆಟ್ಟಿನ ಹಿಂದೆ ಒಡೆದ ಪಾತ್ರೆ ಹಾಗೆ ಝರ್ ಅಂತ ಸದ್ದು. ಎರಡು ವರ್ಷ ನನ್ನ ಜೊತೆ ಇದ್ದ ತಟ್ಟೆ, ಹೊಟ್ಟೆ ಉರಿತು.

ಅದಕ್ಕೆ ಸ್ಟ್ಯಾಂಡ್ ವಿಷಯ ಒತ್ತಿ ಹೇಳುದು. ಸ್ಲೀವ್ ಬೇಕೇ ಬೇಕು, ಕೆಳಗೊಂದು ಫೆಲ್ಟ್ (ಉಣ್ಣೆಯ ಹಾಗಿನ ಮೆತ್ತನೆ ಬಿಲ್ಲೆ) ಮೇಲೊಂದು ಫೆಲ್ಟ್, ನಟ್ ಸಡಿಲ. ಸಿಂಬಲ್ ತೂಗ್ಬೇಕು, ಕಟ್ಟಿ ಹಾಕಿದ್ರೆ ನಾದವೂ ಬರುದಿಲ್ಲ, ಪೆಟ್ಟಿನ ಜೋರೆಲ್ಲ ಲೋಹವೇ ತಿಂದು ಒಡಿತದೆ. ಚೂರು ನಿಮ್ಮ ಕಡೆ ವಾಲಿಸಿ ಇಡಿ, ಭುಜ ಎತ್ತದೆ ಮೊಣಕೈ ಮೈಯ ಹತ್ತಿರ ಇದ್ದ ಹಾಗೆಯೇ ಸ್ಟಿಕ್ಕಿನ ತುದಿ ಸಿಂಬಲ್‌ನ ನಡು ಭಾಗಕ್ಕೆ ಮುಟ್ಟಬೇಕು. ಮುಂದಕ್ಕೆ ಬಗ್ಗಿ ಮುಟ್ಟುವ ಹಾಗೆ ಇದ್ರೆ ಅರ್ಧ ಗಂಟೆಯಲ್ಲಿ ಭುಜ ನೋವು ಗ್ಯಾರಂಟಿ.

ನಮ್ಮ ಕರಾವಳಿಯವ್ರಿಗೆ ಇನ್ನೊಂದು ಕಷ್ಟ ಉಂಟು, ಉಪ್ಪುಗಾಳಿ ಮತ್ತೆ ಮಳೆಗಾಲ. ಬಾರಿಸಿ ಆದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿ, ಬೆವರಿನ ಬೆರಳಚ್ಚು ಇದ್ದಲ್ಲೇ ಮೊದ್ಲು ಕಪ್ಪು, ಆಮೇಲೆ ಹಸಿರು ಹಿಡಿಯುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೆ ಒರಗಿಸಿ ಇಡ್ಬೇಡಿ, ಬ್ಯಾಗ್‌ಗೆ ಹಾಕಿ ಒಳಗೆ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ, ಒದ್ದೆ ಬ್ಯಾಗ್ ಆದ್ರೆ ಬ್ಯಾಗೇ ಬೇಡ. ಮತ್ತೆ ಮನೆಯವ್ರಿಗೆ ಮೊದ್ಲೇ ಹೇಳಿ ಇಡಿ. ನಮ್ಮ ಅಮ್ಮ ಒಂದು ಚೌತಿಗೆ ಮನೆಯ ದೀಪ ತಟ್ಟೆ ಎಲ್ಲ ತಿಕ್ಕುವಾಗ ಪ್ರೀತಿಯಿಂದ ನನ್ನ ರೈಡ್ ಕೂಡ ಹುಣಸೆಹುಳಿ ಹಾಕಿ ತಿಕ್ಕಿ ಬಂಗಾರದ ಹಾಗೆ ಮಾಡಿ ಅಂಗಳದಲ್ಲಿ ಒಣಗ್ಲಿಕ್ಕೆ ಇಟ್ಟಿದ್ರು. ಕಂಪೆನಿ ಹೆಸರು ಪೂರಾ ಹೋಗಿತ್ತು, ಮಳೆಗಾಲದ ಗಾಳಿಗೆ ವಾರದಲ್ಲಿ ಅಲ್ಲಲ್ಲಿ ಮಚ್ಚೆ ಬಂತು. ಹುಳಿ, ನಿಂಬೆ, ಪೀತಾಂಬರಿ ಯಾವುದೂ ಬೇಡ. ಸ್ವಲ್ಪ ಕಪ್ಪಾದ ಕಂಚಿಗೆ ಏನೂ ತೊಂದ್ರೆ ಇಲ್ಲ, ಹಾಗೆ ಬಿಡಿ.

ಬಾರಿಸುದಕ್ಕೆ ಬರುವ. ಸ್ಟಿಕ್ 5ಎ ಸೈಜಿನದ್ದು, ಅಥವಾ ಕೈ ಸಣ್ಣ ಇದ್ರೆ ಅದಕ್ಕಿಂತ ಸಪೂರದ 7ಎ. ನೈಲಾನ್ ತುದಿಯದ್ದು ಚುರುಕು ಸದ್ದು ಕೊಡ್ತದೆ, ಮರದ ತುದಿಯದ್ದು ಮೆತ್ತಗೆ, ಮರದ್ದು ತುದಿ ಚೂರು ಎದ್ದ ಕೂಡ್ಲೆ ಸ್ವರ ಕೆಡ್ತದೆ, ಆವಾಗ ಬಿಸಾಡಿ. ಹೆಬ್ಬೆರಳು ಮತ್ತೆ ತೋರುಬೆರಳ ನಡುವೆ ಸ್ಟಿಕ್ ಹಿಡ್ಕೊಳ್ಳಿ, ಉಳಿದ ಮೂರು ಬೆರಳು ಹಿಂದೆ ಮುಟ್ಟಿಕೊಂಡು ಮಾತ್ರ ಇರ್ಲಿ. ರೈಡ್‌ಗೆ ಹೆಬ್ಬೆರಳು ಮೇಲೆ ಬರುವ ಹಾಗೆ ಕೈ ತಿರುಗಿಸಿದ್ರೆ ಬೆರಳುಗಳಿಗೆ ಕೆಲ್ಸ ಮಾಡ್ಲಿಕ್ಕೆ ಸುಲಭ. ಬೆಲ್‌ಗೂ ಅಂಚಿಗೂ ನಡುವೆ ತುದಿ ಬೀಳ್ಲಿ, ಬಿದ್ದ ಕೂಡ್ಲೆ ಅದಾಗಿಯೇ ಹಾರಿ ಬರ್ತದೆ, ನೀವು ಒತ್ತಬೇಡಿ, ಹಾರಿ ಬರ್ಲಿಕ್ಕೆ ಬಿಡಿ. ಒತ್ತಿದ್ರೆ ನಾದ ಸಾಯ್ತದೆ. ಅಲ್ಲಿಂದ ಒಂದು ಇಂಚು ಬೆಲ್ ಕಡೆ ಹೋದ್ರೆ ಒಣ ಒಣ ಸದ್ದು, ಒಂದು ಇಂಚು ಅಂಚಿನ ಕಡೆ ಬಂದ್ರೆ ಹರಡುವ ಸದ್ದು, ಈ ಎರಡು ಇಂಚಿನೊಳಗೆ ಬೇಕಾದಷ್ಟು ಬಣ್ಣ ಉಂಟು, ಒಂದು ಸಂಜೆ ಅದನ್ನೇ ಹುಡುಕ್ತಾ ಕೂತ್ಕೊಳ್ಳಿ.

ಮೊದಲ ವಾರ ಮೆಟ್ರೋನೋಮ್ (ಸಮ ಕಾಲಕ್ಕೆ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಒಂದು ಬಡಿತಕ್ಕೆ ಒಂದು ಪೆಟ್ಟು, ಐದು ನಿಮಿಷ, ಬೇರೆ ಎಂತದೂ ಬೇಡ. ಐದು ನಿಮಿಷ ಒಂದೇ ಜಾಗಕ್ಕೆ ಒಂದೇ ಜೋರಿಗೆ ಹೊಡೆಯುದು ಕೇಳ್ಲಿಕ್ಕೆ ಸುಲಭ, ಮೂರನೇ ನಿಮಿಷಕ್ಕೆ ಕೈ ಎಲ್ಲೆಲ್ಲೋ ಹೋಗಿರ್ತದೆ. ಆಮೇಲೆ ಒಂದು ಬಡಿತಕ್ಕೆ ಎರಡು ಪೆಟ್ಟು, ಕೆಳಗೆ ನಾಲ್ಕು ಬಡಿತದ ಲೆಕ್ಕದಲ್ಲಿ 1 ಮತ್ತೆ 3ಕ್ಕೆ ಬೇಸ್ ಡ್ರಮ್, 2 ಮತ್ತೆ 4ಕ್ಕೆ ಸ್ನೇರ್. ಅದು ಕೂತ ಮೇಲೆ ಎಡಗಾಲಿನಲ್ಲಿ ಹೈ-ಹ್ಯಾಟ್ 2 ಮತ್ತೆ 4ಕ್ಕೆ ಮುಚ್ಚಿ. ಮನೆಯಲ್ಲಿ ಪಕ್ಕದವ್ರಿಗೆ ಕಿರಿಕಿರಿ ಆಗ್ತದೆ ಅಂತಾದ್ರೆ ಸಿಂಬಲ್ ಮೇಲೆ ತೆಳು ಬೈರಾಸು ಹಾಕ್ಬಹುದು, ಆದ್ರೆ ವಾರಕ್ಕೊಮ್ಮೆ ಆದ್ರೂ ತೆಗೆದು ಬಾರಿಸಿ, ಇಲ್ಲದಿದ್ರೆ ಕೈಗೆ ಜೋರು ಹೊಡೆಯುವ ಅಭ್ಯಾಸ ಆಗ್ತದೆ.

ಸ್ವಿಂಗ್, ಅಂದ್ರೆ ಜಾಝ್‌ನ ತೂಗುವ ನಡೆ, ಕಲಿಲಿಕ್ಕೆ ಇಂಗ್ಲಿಷ್ ಲೆಕ್ಕ ಹೇಳ್ತಾ ಗೊಂದಲ ಮಾಡ್ಕೊಳ್ಳುದಕ್ಕಿಂತ ನಮ್ಮ ತಕಿಟ ಸಾಕು. ನಾಲ್ಕು ಬಡಿತಕ್ಕೆ ನಾಲ್ಕು ತಕಿಟ ಬಾಯಲ್ಲಿ ಹೇಳಿ. ಒಂದನೇದರಲ್ಲಿ ತ ಮಾತ್ರ ಹೊಡೀರಿ, ಎರಡನೇದರಲ್ಲಿ ತ ಮತ್ತೆ ಟ, ಮೂರನೇದು ಪುನಃ ತ ಮಾತ್ರ, ನಾಲ್ಕನೇದು ತ ಮತ್ತೆ ಟ. ಕಿ ಬಾಯಲ್ಲಿ ಮಾತ್ರ, ಕೈಗೆ ಇಲ್ಲ. ಡಿಂಗ್, ಡಿಂಗ್ ಅ ಡಿಂಗ್, ಡಿಂಗ್ ಅ ಡಿಂಗ್ ಅಂತ ತಾನಾಗಿಯೇ ಸುತ್ತು ತಿರುಗ್ತದೆ. ಇದು ಬಂದವ್ರಿಗೆ ರೋಸ್ (ಕ್ರಿಶ್ಚಿಯನ್ನರ ಮದುವೆಯ ಮುಂಚಿನ ಶಾಸ್ತ್ರ), ಮದುವೆಯಲ್ಲಿ ಬಾರಿಸುವ ಕುಣಿತದ ಬೈಲಾ ಕೂಡ ದೂರ ಅಲ್ಲ, ಅದು 6/8, ಅಂದ್ರೆ ಎರಡೆರಡು ತಕಿಟದ ಕಟ್ಟು, ಎರಡರಲ್ಲಿಯೂ ತ ಮತ್ತೆ ಟ ಹೊಡ್ಕೊಂಡು ಮೊದಲ ತ ಮಾತ್ರ ಬೆಲ್ ಮೇಲೆ ಇಟ್ಟು ನೋಡಿ, ಕುಣಿಯುವವ್ರ ಕಾಲಿಗೆ ಅದು ಕೂಡ್ಲೆ ಗೊತ್ತಾಗ್ತದೆ.

ಬ್ಯಾಂಡ್ ಜೊತೆ ಕೂತಾಗ ಇಡೀ ಹಾಡು ರೈಡ್ ಮೇಲೆ ಇರ್ಬೇಡಿ. ಚರಣಕ್ಕೆ ಹೈ-ಹ್ಯಾಟ್ ಮುಚ್ಚಿ ಬಾರಿಸಿ, ಪಲ್ಲವಿ ಬರುವಾಗ ರೈಡ್‌ಗೆ ದಾಟಿ, ಆ ದಾಟುವಲ್ಲೇ ಹಾಡು ಬಿಚ್ಚಿಕೊಳ್ಳುದು. ಇಗರ್ಜಿ, ಕಲ್ಯಾಣ ಮಂಟಪ ಎಲ್ಲ ಸಿಮೆಂಟ್ ಗೋಡೆ, ಎತ್ತರದ ಮಾಡು, ಅಲ್ಲಿ ರೈಡ್‌ನ ಝೇಂಕಾರ ಸುತ್ತಿ ಸುತ್ತಿ ಬಂದು ಹಾಡುವವರ ಮಾತು ನುಂಗ್ತದೆ. ಆವಾಗ ಸಿಂಬಲ್‌ನ ಅಡಿಭಾಗಕ್ಕೆ ಎರಡು ಬೆರಳಷ್ಟು ಬಟ್ಟೆ ಟೇಪ್ ಅಂಟಿಸಿ, ಅಂಚಿಗೆ ಹತ್ತಿರ ಅಂಟಿಸಿದಷ್ಟೂ ಹೆಚ್ಚು ತಗ್ಗುತ್ತದೆ, ಕಾರ್ಯಕ್ರಮ ಆದ ದಿನವೇ ತೆಗೀರಿ, ಇಲ್ಲದಿದ್ರೆ ಅಂಟು ಅಲ್ಲೇ ಕೂತು ಬಿಡ್ತದೆ. ಮತ್ತೆ ಸೌಂಡ್ ಚೆಕ್ ಟೈಮಲ್ಲಿ ಮೊಬೈಲ್ ರೆಕಾರ್ಡಿಂಗ್ ಹಾಕಿ ಹಾಲ್‌ನ ಕೊನೆ ಸಾಲಿನ ಕುರ್ಚಿ ಮೇಲೆ ಇಟ್ಟು ಬಂದು ಒಂದು ಹಾಡು ಪೂರಾ ಬಾರಿಸಿ, ಆಮೇಲೆ ಹೆಡ್‌ಫೋನ್ ಹಾಕಿ ಕೇಳಿ. ಹಾಡಿನ ಶಬ್ದ ಒಂದೊಂದೂ ಕೇಳ್ತದಾ, ಶಬ್ದದ ಹಿಂದೆ ನಿಮ್ಮ ಟಿಕ್ ಟಿಕ್ ಸಮ ಉಂಟಾ, ಇವೆರಡು ನೋಡಿ, ಹಾಡಿನ ಶಬ್ದ ಕೇಳದಿದ್ರೆ ಪೆಟ್ಟಿನ ಜೋರು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಿ.