ನಿಧಾನವಾಗಿ ಅರ್ಥವಾಗುವವರ ಗಣಿತ

ಪಿಯುಸಿವರೆಗೆ ತರಗತಿಗೆ ಮೊದಲಿಗನಾಗಿದ್ದವನಿಗೆ ತನ್ನ ಬುದ್ಧಿ ಅಷ್ಟೇನೂ ಚುರುಕಲ್ಲ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಎಂ.ಎಸ್ಸಿ. ಗಣಿತಕ್ಕೆ ಸೇರಿದ ಮೇಲೆ ನಾನು ಅದನ್ನು ಒಪ್ಪಿಕೊಳ್ಳಬೇಕಾಯಿತು. ಮೇಷ್ಟ್ರು ಪ್ರಮೇಯವನ್ನು ಬರೆದು ಮುಗಿಸುವಷ್ಟರಲ್ಲಿ ಪಕ್ಕದಲ್ಲಿದ್ದ ಗೆಳೆಯನಿಗೆ ಅದರ ಸಾಧನೆಯ, ಅಂದರೆ ಅದು ನಿಜವೆಂದು ಹೆಜ್ಜೆಹೆಜ್ಜೆಯಾಗಿ ತೋರಿಸುವ ತರ್ಕದ, ದಾರಿ ಹೊಳೆದಿರುತ್ತಿತ್ತು. ನನಗೆ ಅದು ದಕ್ಕಲು ವಾರ ಹಿಡಿಯುತ್ತಿತ್ತು. ಅವನ ವೇಗಕ್ಕೆ ಆಸೆಪಡುವುದನ್ನು ಬಿಟ್ಟು, ನನ್ನ ವೇಗಕ್ಕೆ ತಕ್ಕ ಓದನ್ನು ನಾನೇ ರೂಢಿಸಿಕೊಂಡೆ.

ಸಾಧನೆಯನ್ನು ಓದಿ, ಪುಸ್ತಕ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ಮೊದಲಿನಿಂದ ಬರೆಯುತ್ತಿದ್ದೆ. ಪೆನ್ನು ನಿಂತ ಕಡೆ ಗೆರೆ ಎಳೆದು ಆ ಒಂದು ಹೆಜ್ಜೆಯನ್ನು ಮಾತ್ರ ಪುಸ್ತಕದಲ್ಲಿ ನೋಡುತ್ತಿದ್ದೆ. ಮರುದಿನ ಮತ್ತೊಂದು ಹಾಳೆ. ಬರೀ ಕಣ್ಣಾಡಿಸಿದರೆ ಎಲ್ಲವೂ ಗೊತ್ತಿರುವಂತೆಯೇ ತೋರುತ್ತದೆ.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಪ್ರಮೇಯದ ಷರತ್ತುಗಳನ್ನು ಒಂದೊಂದಾಗಿ ತೆಗೆದು ನೋಡುವ ಅಭ್ಯಾಸ. ಮುಚ್ಚಿದ (ಎರಡೂ ತುದಿಗಳು ಸೇರಿದ), ಸೀಮಿತ ಅಂತರದ ಮೇಲೆ ಕಂಟಿನ್ಯುಯಸ್ ಆದ, ಅಂದರೆ ಎಲ್ಲೂ ಜಿಗಿಯದ ಫಲನವು ಯೂನಿಫಾರ್ಮ್ ಆಗಿಯೂ ಕಂಟಿನ್ಯುಯಸ್ ಆಗಿರುತ್ತದೆ ಎಂಬ ಪ್ರಮೇಯವಿದೆ. ಫಲನದ ಬೆಲೆಗಳ ವ್ಯತ್ಯಾಸವನ್ನು ಬೇಕಾದಷ್ಟು ಚಿಕ್ಕದಾಗಿಡಲು ಬಿಂದುಗಳು ಎಷ್ಟು ಹತ್ತಿರವಿರಬೇಕು ಎಂಬ ಅಳತೆಯೇ ಡೆಲ್ಟಾ; ಇಡೀ ಅಂತರಕ್ಕೆ ಒಂದೇ ಡೆಲ್ಟಾ ಸಾಕಾದರೆ ಅದು ಯೂನಿಫಾರ್ಮ್. ‘ಮುಚ್ಚಿದ’ ಎಂಬುದು ಏಕೆ ಬೇಕು? 0 ಮತ್ತು 1ನ್ನು ಬಿಟ್ಟು ಅವುಗಳ ನಡುವಿನ ಪ್ರತಿ ಸಂಖ್ಯೆಗೂ ಅದರ ವ್ಯುತ್ಕ್ರಮವನ್ನು ಕೊಡುವ ಫಲನವನ್ನು ತೆಗೆದುಕೊಂಡೆ. 1/100 ಮತ್ತು 1/101ರ ನಡುವಿನ ದೂರ 1/10100. ಅವುಗಳ ವ್ಯುತ್ಕ್ರಮಗಳು 100 ಮತ್ತು 101, ವ್ಯತ್ಯಾಸ 1. ಇನ್ನೂ ಒಳಗೆ ಹೋಗಿ 1/1000 ಮತ್ತು 1/1001 ತೆಗೆದುಕೊಂಡರೆ ದೂರ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ, ವ್ಯತ್ಯಾಸ ಮಾತ್ರ ಮತ್ತೆ 1! ಎಷ್ಟೇ ಚಿಕ್ಕ ಡೆಲ್ಟಾ ಹಿಡಿದರೂ ಸೊನ್ನೆಯ ಹತ್ತಿರ ಅದು ಸಾಲುವುದಿಲ್ಲ. ಇದನ್ನು ಕೈಯಾರೆ ಲೆಕ್ಕ ಹಾಕಿ ಕಂಡ ಸಂಜೆಯ ಸಂತೋಷವನ್ನು ಯಾವ ರ‍್ಯಾಂಕೂ ನನಗೆ ಕೊಟ್ಟಿಲ್ಲ.

ರಾಮಾನುಜನ್ ಎಂದೊಡನೆ ನಮ್ಮವರು ನಾಮಕ್ಕಲ್ ದೇವಿಯ ಕೃಪೆಯ ಮಾತೆತ್ತುತ್ತಾರೆ. ಸಾಧನೆಗಳೇ ಹೆಚ್ಚಾಗಿ ಇಲ್ಲದ, ಸುಮಾರು 5,000 ಫಲಿತಾಂಶಗಳ, ಇಂಗ್ಲೆಂಡಿನ ಗಣಿತ ಶಿಕ್ಷಕ ಜಿ.ಎಸ್. ಕಾರ್‌ನ ಪುಸ್ತಕವನ್ನು ಹಿಡಿದು ಕುಳಿತ ಹುಡುಗನನ್ನು, ಕಾಗದ ದುಬಾರಿಯೆಂದು ಸ್ಲೇಟಿನ ಮೇಲೆ ಬರೆದು ಅಳಿಸಿ ಮತ್ತೆ ಬರೆದವನನ್ನು ನೆನೆಯುವವರು ಕಡಿಮೆ. ಅಂಥ ಪ್ರತಿಭೆಯೂ ಅಷ್ಟು ದುಡಿಯಿತು ಎಂಬುದು ನನಗೆ ದೊಡ್ಡ ಧೈರ್ಯ.

ಹಾಗೆಂದು, ದುಡಿದರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು ಎಂದು ನಾನು ನಂಬುವುದಿಲ್ಲ. ಆ ಗೆಳೆಯ ಇಂದಿಗೂ ನನಗಿಂತ ಬೇಗ ಯೋಚಿಸುತ್ತಾನೆ. ಅವನು ಸಂಶೋಧನೆಗೆ ಹೋದ, ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ನಡುವಿನ ಅಂತರ ತುಂಬಲಿಲ್ಲ. ಆದರೆ ನಾನು ಕಲಿತ ಗಣಿತ ಪೂರ್ತಿಯಾಗಿ ನನ್ನದು, ಯಾವ ಕಡೆಯಿಂದ ಕೇಳಿದರೂ ಉತ್ತರಿಸಬಲ್ಲೆ.

‘ಸರ್, ನನಗೆ ಗಣಿತದ ತಲೆ ಇದೆಯೇ?’ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ನಾನು ಉತ್ತರ ಹೇಳಲು ಹೋಗುವುದಿಲ್ಲ. ಹಿಂದಿನ ಪಾಠದ ಒಂದು ಸಾಧನೆಯನ್ನು ಅಲ್ಲೇ ಕೂತು ಬರೆಯಲು ಹೇಳುತ್ತೇನೆ. ಪೆನ್ನು ನಿಂತ ಕಡೆಯಿಂದ ನಮ್ಮ ಮಾತು ಶುರುವಾಗುತ್ತದೆ.