ಹತ್ತು ವರ್ಷದ ಹಿಂದಿನ ಕಾರ್ಡ್ ಬಾಕಿಯನ್ನು ನನ್ನ ಸಿಬಿಲ್ ರಿಪೋರ್ಟಿನಿಂದ ತೆಗೆಸಿದ್ದು

2024ರ ಜೂನ್‌ನಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದ್ದೆ. ಬ್ಯಾಂಕ್ ಮ್ಯಾನೇಜರ್ ನನ್ನ ಸಿಬಿಲ್ ರಿಪೋರ್ಟ್, ಅಂದರೆ ಸಾಲ ತೀರಿಸಿದ ಚರಿತ್ರೆಯ ವರದಿ, ತೆರೆದಿದ್ದ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ಸರ್, ಇಲ್ಲೊಂದು ರೈಟ್ ಆಫ್ ಇದೆಯಲ್ಲ" ಅಂದರು. ವಸೂಲಾಗದ ಸಾಲ ಅಂತ ಲೆಕ್ಕದಲ್ಲಿ ಬಿಟ್ಟುಕೊಟ್ಟದ್ದಕ್ಕೆ ಹಾಗನ್ನುತ್ತಾರೆ. ಬಾಕಿ 28,640 ರೂಪಾಯಿ. ಸಾಲ ಕೊಟ್ಟವರ ಜಾಗದಲ್ಲಿ ನಾನು ಹೆಸರೇ ಕೇಳದ ಒಂದು ಕಂಪನಿ.

ಆಮೇಲೆ ತಿಳಿಯಿತು. 2014ರಲ್ಲಿ ನಾನು ಮುಚ್ಚಿಸಿದ್ದ ಕ್ರೆಡಿಟ್ ಕಾರ್ಡ್ ಅದು. ಮುಚ್ಚಿದ ಮೇಲೂ ಬ್ಯಾಂಕಿನವರು 750 ರೂಪಾಯಿ ವಾರ್ಷಿಕ ಶುಲ್ಕ ಹಾಕಿದ್ದರು. ಬಡ್ಡಿ, ಲೇಟ್ ಫೀ ಎಲ್ಲ ಸೇರಿ ಅದು ಬೆಳೆದಿತ್ತು. ಕೊನೆಗೆ ಇಂಥ ಕೆಟ್ಟ ಸಾಲಗಳನ್ನು ಕಂತೆ ಕಂತೆಯಾಗಿ ಕೊಳ್ಳುವ ಒಂದು ಕಂಪನಿಗೆ ಮಾರಿಬಿಟ್ಟಿದ್ದರು. ನಾನು ಮನೆ ಬದಲಿಸಿದ್ದೆ, ನಂಬರೂ ಬದಲಾಗಿತ್ತು. ಒಂದು ಪತ್ರವೂ ನನ್ನ ಕೈಗೆ ಬಂದಿರಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಆ ಹುಡುಗ ಬಹಳ ವಿನಯದಿಂದಲೇ, "12 ಸಾವಿರ ಕಟ್ಟಿ ಸರ್, ಸೆಟಲ್ ಮಾಡಿ ಮುಗಿಸೋಣ" ಅಂದ. ನಿಜ ಹೇಳ್ತೀನಿ, ಕಟ್ಟಿಬಿಡೋಣ ಅನ್ನಿಸಿತ್ತು. ನನ್ನ ಹೆಂಡತಿಯೇ ತಡೆದದ್ದು: "ತಗೊಳ್ಳದ ಸಾಲಕ್ಕೆ ಯಾಕ್ರೀ ಕಟ್ಟಬೇಕು?" ಅವಳು ತಡೆದದ್ದು ಒಳ್ಳೆಯದೇ ಆಯಿತು. ಹಾಗೆ ಕಟ್ಟಿದ್ದರೆ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬೀಳುತ್ತಿತ್ತು. ಸಾಲ ಕೊಡುವವರ ಕಣ್ಣಿಗೆ ಅದರ ಅರ್ಥ 'ಪೂರ್ತಿ ಕಟ್ಟಿಲ್ಲ' ಅಂತಲೇ. ಇನ್ನೊಂದು ಮಾತು. ಇಂಥ ಬಾಕಿಗೆ ಕೋರ್ಟಿಗೆ ಹೋಗುವ ಅವಧಿ ಸಾಮಾನ್ಯವಾಗಿ 3 ವರ್ಷ. ಅದು ಮುಗಿದ ಮೇಲೆ 'ಕಟ್ಟುತ್ತೇನೆ' ಅಂತ ಬರೆದು ಸಹಿ ಹಾಕಿದರೆ ಸತ್ತ ಸಾಲಕ್ಕೆ ನಾವೇ ಜೀವ ಕೊಟ್ಟ ಹಾಗೆ. ಹಾಗಂತ ಅವಧಿ ಮುಗಿದ ಮಾತ್ರಕ್ಕೆ ರಿಪೋರ್ಟಿನಿಂದ ಅಳಿಸಿಹೋಗುವುದೂ ಇಲ್ಲ.

ಇಂಥ ರಿಪೋರ್ಟ್ ಇಡುವ ಸಂಸ್ಥೆಗಳಿಗೆ ಕ್ರೆಡಿಟ್ ಬ್ಯೂರೋ ಅನ್ನುತ್ತಾರೆ. ಅವು ಪೂರ್ತಿ ರಿಪೋರ್ಟನ್ನು ವರ್ಷಕ್ಕೊಮ್ಮೆ ಪುಕ್ಕಟೆ ಕೊಡಲೇಬೇಕು. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್‌ನಲ್ಲೂ ನೋಡಿದೆ. ಸಿಬಿಲ್ ಸೇರಿ ಎರಡರಲ್ಲಿ ಅದೇ ಬಾಕಿ ಕೂತಿತ್ತು. ಸಿಬಿಲ್‌ನಲ್ಲಿ ಆನ್‌ಲೈನ್ ಡಿಸ್ಪ್ಯೂಟ್, ಅಂದರೆ ಮಾಹಿತಿ ತಪ್ಪು ಅನ್ನುವ ತಕರಾರು, ಹಾಕಿದೆ. 23ನೇ ದಿನ ಉತ್ತರ ಬಂತು: ಸಾಲ ಕೊಟ್ಟವರು ಮಾಹಿತಿ ಸರಿಯಿದೆ ಅಂದಿದ್ದಾರೆ, ಬದಲಾವಣೆ ಇಲ್ಲ.

ಆಗ ಅರ್ಥವಾಯಿತು. ಬ್ಯೂರೋ ಅನ್ನೋದು ಅಂಚೆ ಪೆಟ್ಟಿಗೆ ಇದ್ದ ಹಾಗೆ. ನಾವು ಹಾಕಿದ್ದನ್ನು ಸಾಲ ಕೊಟ್ಟವರಿಗೆ ಕಳಿಸುತ್ತದೆ. ಅವರು ಒಪ್ಪದೆ ತಾನಾಗಿ ಏನನ್ನೂ ತಿದ್ದುವಂತಿಲ್ಲ. ಹಾಗಾದರೆ ಒಪ್ಪಿಸಬೇಕಾದ್ದು ಅವರನ್ನು ಅಲ್ವಾ?

ಬೀರುವಿನ ಕೆಳಗಿನ ಖಾನೆಯಲ್ಲಿ, ಎಲ್‌ಐಸಿ ರಸೀದಿಗಳ ನಡುವೆ, 2014ರ ಕಾರ್ಡ್ ಮುಚ್ಚಿದ ಪತ್ರ ಸಿಕ್ಕಿತು. 'ಯಾವುದೇ ಬಾಕಿ ಇಲ್ಲ' ಅಂತ ಸ್ಪಷ್ಟವಾಗಿತ್ತು. ಬ್ಯಾಂಕಿಗೆ ಕೇಳಿದರೆ "ಆ ಸಾಲ ಮಾರಿದ್ದೇವೆ, ನಮಗೆ ಸಂಬಂಧವಿಲ್ಲ". ಕೊಂಡ ಕಂಪನಿಗೆ ಕೇಳಿದರೆ "ಬ್ಯಾಂಕ್ ಕೊಟ್ಟ ಪಟ್ಟಿಯಲ್ಲಿ ನಿಮ್ಮ ಹೆಸರಿದೆ". ಎರಡು ವಾರ ನನ್ನನ್ನು ಚೆಂಡಿನ ಹಾಗೆ ಎಸೆದಾಡಿದರು.

ಕೊನೆಗೆ ಕೆಲಸ ಮಾಡಿದ್ದು ಒಂದೇ ಪತ್ರ. ಬ್ಯಾಂಕಿನಲ್ಲಿ ದೂರು ನೋಡುವ ನೋಡಲ್ ಅಧಿಕಾರಿ, ಕಂಪನಿಯ ದೂರು ಅಧಿಕಾರಿ ಇಬ್ಬರ ಹೆಸರಿಗೂ ಅದೇ ಪತ್ರ ಬರೆದು, ಜೊತೆಗೆ ಕಾರ್ಡ್ ಮುಚ್ಚಿದ ಪತ್ರದ ಜೆರಾಕ್ಸ್ ಇಟ್ಟು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೂ ಕಾಣಬೇಕು, ಅದೇ ಉಪಾಯ. 30 ದಿನದಲ್ಲಿ ಸರಿಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತಲೂ ಬರೆದೆ. ಅದೇ ದಿನ ಎರಡೂ ಬ್ಯೂರೋಗಳಲ್ಲಿ ಮತ್ತೆ ಡಿಸ್ಪ್ಯೂಟ್ ಹಾಕಿದೆ.

41ನೇ ದಿನ ಆ ಖಾತೆ ರಿಪೋರ್ಟಿನಿಂದ ಹೋಯಿತು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 11 ದಿನ ತಡ, ಕೇಳಿದ ಮೇಲೆ 1,100 ಬಂತು. ಪೋಸ್ಟ್, ಜೆರಾಕ್ಸ್ ಖರ್ಚು ಕಳೆದೂ ಲಾಭವೇ!

ಮನೆ ಸಾಲ ಸೆಪ್ಟೆಂಬರ್ ಕೊನೆಗೆ ಮಂಜೂರಾಯಿತು. ಸಹಿ ಹಾಕಿ ಏಳುವಾಗ ಮ್ಯಾನೇಜರ್, "ಸರ್, ಜೊತೆಗೊಂದು ಕ್ರೆಡಿಟ್ ಕಾರ್ಡ್ ಕೊಡ್ತೀವಿ, ಜೀವನಪೂರ್ತಿ ಫ್ರೀ" ಅಂದರು. ನನ್ನ ಹೆಂಡತಿ ನಾನು ಬಾಯಿ ತೆರೆಯೋ ಮೊದಲೇ ಬೇಡ ಅಂದಳು.